ಬೆಲೆ ಕಡ್ಡಾಯವಲ್ಲ, ಸೇವೆ ಮಾತ್ರ ಕಡ್ಡಾಯವೇ?

(ತಾಲ್ಲೂಕು ಮಟ್ಟದ ರೈತ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನ ಗೋಷ್ಠಿಯಲ್ಲಿ ಬೆಂಬಲ ಬೆಲೆ ಮತ್ತು ಸಾಲದ ಬಗ್ಗೆ ಮಾತಾಯಿತು. ನನಗೆ ಕೊಟ್ಟಿರುವ ವಿಷಯ ಇದು: ಈ ದೇಶದ ಪ್ರತಿಯೊಬ್ಬ ಯುವಕ ಯುವತಿಯೂ ಒಂದೆರಡು ವರ್ಷ ಕಡ್ಡಾಯವಾಗಿ ದೇಶಸೇವೆ ಮಾಡಬೇಕು ಎಂದು ಕಾನೂನು ಬರಬೇಕೇ, ಬೇಡವೇ? ವಿಷಯ ಓದಿದಾಗ ಹಿಂದೆ ಕೂತ ಒಂದಿಬ್ಬರು ನಕ್ಕರು. ರಾಗಿ, ಭತ್ತದ ರೇಟು ಬಿಟ್ಟು ಇದ್ಯಾಕೆ ನಮಗೆ ಅಂತ ಅವರ ಲೆಕ್ಕ. ನಾನು ಹೇಳೋದು, ಬೆಳಗಿನ ವಿಷಯವೂ ಇದೂ ಒಂದೇ. ಹೇಗೆ ಅಂತ ಕೊನೆಯ ಹೊತ್ತಿಗೆ ನೀವೇ ಹೇಳ್ತೀರಿ.

ಗಡಿಯಲ್ಲಿ ಗದ್ದಲ ಆದಾಗೆಲ್ಲ, ಯುವಕರು ಎಲ್ಲೋ ಬೀದಿಗಿಳಿದಾಗೆಲ್ಲ ಈ ಮಾತು ಏಳುತ್ತದೆ. ಪಟ್ಟಣದ ಸಭೆಗಳಲ್ಲಿ ದೊಡ್ಡವರು ಎದ್ದು, ಇಸ್ರೇಲ್ ನೋಡಿ, ಸಿಂಗಪುರ ನೋಡಿ, ದಕ್ಷಿಣ ಕೊರಿಯಾ ನೋಡಿ, ಅಲ್ಲಿ ಕಡ್ಡಾಯ ಸೈನಿಕ ಸೇವೆ ಇದೆ, ಅದಕ್ಕೇ ಶಿಸ್ತು ಇದೆ ಅಂತಾರೆ. ಸಿಂಗಪುರದಲ್ಲಿ 1967ರಿಂದ ಇರೋದು ನಿಜ. ಆದರೆ ಆ ನಗರಕ್ಕೂ ನಮ್ಮ ಹೋಬಳಿಗೂ ಎಲ್ಲಿಯ ಹೋಲಿಕೆ? ಹೋಲಿಸೋದೇ ಆದರೆ ನಮ್ಮದೇ ದೇಶದ ಕಾಗದಪತ್ರ ಮೊದಲು ತೆಗೆಯೋಣ.

ನಮ್ಮ ಸಂವಿಧಾನದ 23ನೇ ವಿಧಿ ಎಲ್ಲ ರೈತರೂ ಓದಬೇಕಾದ್ದು. ಅದರ ಮೊದಲ ಭಾಗ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ. ಎರಡನೇ ಭಾಗ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು ಅನ್ನುತ್ತದೆ. ಅಂದರೆ ಅಧಿಕಾರ ಇದೆ. ಆದರೆ ಅದೇ ಉಸಿರಿನಲ್ಲಿ ಒಂದು ಷರತ್ತು ಹಾಕಿದ್ದಾರೆ. ಹಾಗೆ ಸೇವೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗ ಇವುಗಳ ಆಧಾರದ ಮೇಲೆ ತಾರತಮ್ಯ ಮಾಡಕೂಡದು. ವರ್ಗ ಅನ್ನೋ ಮಾತನ್ನು ಗಮನಿಸಿ. ಬರೆದವರಿಗೆ ಈ ದೇಶದ ಗುಣ ಗೊತ್ತಿತ್ತು. ಇಲ್ಲಿ ಸೇವೆ ಅಂತ ಯಾರಾದರೂ ಕೂಗಿದರೆ ಬಗ್ಗುವ ಬೆನ್ನು ಯಾವುದು, ಕೂತು ನೋಡುವ ಬೆನ್ನು ಯಾವುದು ಅಂತ ಅವರಿಗೆ ಗೊತ್ತಿತ್ತು.

ಈ ವಿಚಾರ ಇವತ್ತಿನದಲ್ಲ. 1959ರಲ್ಲಿ ಸಿ.ಡಿ. ದೇಶಮುಖರ ಅಧ್ಯಕ್ಷತೆಯ ರಾಷ್ಟ್ರೀಯ ಸೇವಾ ಸಮಿತಿ, ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವ ಎಲ್ಲ ವಿದ್ಯಾರ್ಥಿಗಳಿಗೂ ಒಂಬತ್ತು ತಿಂಗಳಿಂದ ಒಂದು ವರ್ಷದ ಸೇವೆ ಕಡ್ಡಾಯ ಮಾಡಬಹುದು ಎಂದು ಶಿಫಾರಸು ಮಾಡಿತ್ತು. ಖರ್ಚು ಜಾಸ್ತಿ, ಜಾರಿ ಕಷ್ಟ ಅಂತ ಅದನ್ನು ಬದಿಗಿಟ್ಟರು. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯ ಮಾಡಿದರು. ಐದು ವರ್ಷಕ್ಕೆ, 1968ರಲ್ಲಿ, ಮತ್ತೆ ಐಚ್ಛಿಕ ಮಾಡಿದರು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದ ವಿ.ಕೆ.ಆರ್.ವಿ. ರಾವ್ ಅವರು ಕೇಂದ್ರದ ಶಿಕ್ಷಣ ಮಂತ್ರಿಯಾಗಿ ಎನ್.ಎಸ್.ಎಸ್. ಶುರು ಮಾಡಿದರು. 37 ವಿಶ್ವವಿದ್ಯಾಲಯ, ಸುಮಾರು 40,000 ವಿದ್ಯಾರ್ಥಿಗಳು. ಅದೂ ಐಚ್ಛಿಕವೇ. ಆಮೇಲೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿ ಬಂತು. ಕರೆ ಬಂದಾಗ ದೇಶಸೇವೆ ಮಾಡುವುದು ನಾಗರಿಕನ ಮೂಲಭೂತ ಕರ್ತವ್ಯ ಅಂತ 51ಎ ವಿಧಿಯಲ್ಲಿ ಸೇರಿಸಿದರು. ಪ್ರಜೆಯ ಹಕ್ಕುಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ಹಾಕಿದ್ದ ಹೊತ್ತಿನಲ್ಲೇ ಕರ್ತವ್ಯದ ಪಟ್ಟಿ ಬರೆದರು ಅನ್ನೋದನ್ನು ಮರೆಯಬೇಡಿ. ಅದೇ ಹೊತ್ತಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಮುಟ್ಟಿಸೋಕೆ ಅಧಿಕಾರಿಗಳು ಉತ್ತರ ಭಾರತದ ಹಳ್ಳಿಗಳಲ್ಲಿ ಬಡವರನ್ನು ಹೇಗೆ ಹಿಡಿದೊಯ್ದರು ಅನ್ನೋದೂ ದೇಶಕ್ಕೆ ಗೊತ್ತು. ‘ಕಡ್ಡಾಯ’ ಅನ್ನುವ ಪದ ದೆಹಲಿಯಲ್ಲಿ ಹುಟ್ಟಿದಾಗ ಎಲ್ಲರಿಗೂ ಸಮ. ಹಳ್ಳಿ ಮುಟ್ಟುವ ಹೊತ್ತಿಗೆ ಅದು ಬಡವನ ಪಾಲಿಗೆ ಮಾತ್ರ ಉಳಿದಿರುತ್ತದೆ.

ಹಳ್ಳಿಗೆ ಸೇವೆ ಅನ್ನೋದು ಹೊಸ ಮಾತೇ? ತೋಟಿ, ತಳವಾರ, ನೀರುಗಂಟಿ ಇವರೆಲ್ಲ ತಲೆತಲಾಂತರ ಸೇವೆ ಮಾಡಿದವರೇ. ಅಮಲ್ದಾರರು ಬಂದರೆ ಸಾಮಾನು ಹೊರಬೇಕು, ಕುದುರೆಗೆ ಹುಲ್ಲು ತರಬೇಕು, ಊರಿಗೆ ಡಂಗುರ ಸಾರಬೇಕು. ಮಗ ಹುಟ್ಟುವ ಮೊದಲೇ ಅವನ ಸೇವೆ ನಿಗದಿಯಾಗಿತ್ತು. 1961ರ ಕಾಯ್ದೆ ಆ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಸಾಲಕ್ಕೆ ಮಗನನ್ನು ಗೌಡರ ಮನೆಗೆ ಜೀತಕ್ಕೆ ಬಿಡುವ ಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿತು. ಇಲ್ಲಿ ಕೂತಿರುವ ನಾವು, ಭೂಮಿ ಇದ್ದವರು, ಒಂದು ಮಾತು ಒಪ್ಪಿಕೊಳ್ಳಲೇಬೇಕು. ಬಿಟ್ಟಿ ಮಾಡಿಸಿಕೊಂಡವರಲ್ಲಿ ರೈತ ಮನೆತನಗಳೂ ಇದ್ದವು. ದಲಿತ ಬಂಧುಗಳ ಬಿಟ್ಟಿಯ ಲೆಕ್ಕ ಬಿಟ್ಟು ನಮ್ಮ ಲೆಕ್ಕ ಮಾತ್ರ ಹೇಳಿದರೆ ಅದು ಅರ್ಧ ಲೆಕ್ಕ.

ಇನ್ನು ಬೇಸಾಯಗಾರನ ಬಿಟ್ಟಿಗೆ ಬರೋಣ. 1965ರಲ್ಲಿ ಶಾಸ್ತ್ರಿಯವರು ಜೈ ಜವಾನ್, ಜೈ ಕಿಸಾನ್ ಅಂದರು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಜವಾನನಿಗೆ ಸಂಬಳ, ಬಟ್ಟೆ, ಪಿಂಚಣಿ ಇತ್ತು. ಕಡಿಮೆ ಇರಬಹುದು, ಆದರೆ ಇತ್ತು. ಕಿಸಾನನಿಗೆ ಏನಿತ್ತು? ಲೆವಿ ಇತ್ತು. ಹಿರಿಯರಿಗೆ ನೆನಪಿದೆ. ಎಕರೆಗೆ ಇಷ್ಟು ಪಲ್ಲ ಭತ್ತ ಸರ್ಕಾರಕ್ಕೆ ಅಳೆಯಲೇಬೇಕು, ಮಾರುಕಟ್ಟೆಗಿಂತ ಕಡಿಮೆ ರೇಟಿಗೆ. ಕೊಡದಿದ್ದರೆ ಅಧಿಕಾರಿ ಪಣತಕ್ಕೇ ಬರ್ತಿದ್ದ. ಭತ್ತ ಪಕ್ಕದ ಜಿಲ್ಲೆಗೆ ಸಾಗಿಸಿದರೆ ಕಳ್ಳಸಾಗಣೆ! ಅಂದಿನ ಸರ್ಕಾರ ಅದಕ್ಕೆ ದೇಶದ ಹಸಿವು ನೀಗಿಸುವ ಕರ್ತವ್ಯ ಅಂತ ಹೆಸರಿಟ್ಟಿತ್ತು. ನಾವು ಮಾಡಿದೆವು. ದೇಶದ ಹೊಟ್ಟೆ ತುಂಬಿತು. ಸಂತೋಷ. ಆದರೆ ಆ ಕಡಿಮೆ ರೇಟಿನ ಬಾಕಿ ಯಾರ ಪುಸ್ತಕದಲ್ಲಿ ಬರೆದಿದೆ? ನಮ್ಮ ಸೊಸೈಟಿ ಸಾಲದ ಪುಸ್ತಕದಲ್ಲಿ ಬರೆದಿದೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ್ದು ಯಾತಕ್ಕೆ? ಮಲಪ್ರಭೆಯ ನೀರು ಸರಿಯಾಗಿ ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿ ಅಂದಿದ್ದಕ್ಕೆ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅಂತ ಆ ದಶಕದ ಚಳವಳಿ ಹೇಳಿತಲ್ಲ, ಅದು ಬರಿ ಘೋಷಣೆಯಾಗಿರಲಿಲ್ಲ, ಲೆಕ್ಕದ ಮಾತಾಗಿತ್ತು.

ಲೆವಿ ಹೋಯಿತು, ಈಗ ಅದೆಲ್ಲ ಇಲ್ಲ ಅಂತೀರಾ? ರೂಪ ಬದಲಾಯಿತು ಅಷ್ಟೆ. 2022ರ ಮೇ ತಿಂಗಳಲ್ಲಿ ಗೋಧಿ ರಫ್ತು ನಿಲ್ಲಿಸಿದರು. 2023ರ ಜುಲೈನಲ್ಲಿ ಬಿಳಿ ಅಕ್ಕಿ ರಫ್ತು ನಿಲ್ಲಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದರು. ಆಮೇಲೆ ಅಕ್ಕಿ, ಈರುಳ್ಳಿಗೆ ಬಾಗಿಲು ತೆರೆದರು, ಸರಿ. ಆದರೆ ರೇಟು ಏರುವ ಹೊತ್ತಿಗೆ ಬಾಗಿಲು ಹಾಕಿ, ಬಿದ್ದ ಮೇಲೆ ತೆಗೆದರೆ ನಷ್ಟ ಯಾರದು? 2018ರಲ್ಲಿ ಒ.ಇ.ಸಿ.ಡಿ. ಎಂಬ ಶ್ರೀಮಂತ ದೇಶಗಳ ಸಂಸ್ಥೆಯೂ ದೆಹಲಿಯ ಇಕ್ರಿಯರ್ ಸಂಸ್ಥೆಯೂ ಸೇರಿ ಒಂದು ಅಧ್ಯಯನ ಪ್ರಕಟಿಸಿದವು. 2000-01ರಿಂದ 2016-17ರವರೆಗೆ, ಸಬ್ಸಿಡಿಯನ್ನೆಲ್ಲ ಕೂಡಿಸಿಕೊಂಡ ಮೇಲೂ, ನಮ್ಮ ಸರ್ಕಾರಗಳ ಮಾರುಕಟ್ಟೆ ನೀತಿಯಿಂದ ಭಾರತದ ರೈತನ ಒಟ್ಟು ಆದಾಯಕ್ಕೆ ಸರಾಸರಿ ಶೇ. 14ರಷ್ಟು ಖೋತಾ ಬಿದ್ದಿದೆ ಅಂತ ಅದರ ಲೆಕ್ಕ. ನಾವು ಹೇಳಿದರೆ ಚಳವಳಿಗಾರರ ಮಾತು ಅಂತಾರೆ. ಇದು ನಮ್ಮ ಮಾತಲ್ಲ. ನೂರು ರೂಪಾಯಿ ಬರಬೇಕಾದಲ್ಲಿ ಹದಿನಾಲ್ಕು ರೂಪಾಯಿ ಕಡಿಮೆ ಸಿಕ್ಕರೆ, ಏಳು ದಿನಕ್ಕೆ ಒಂದು ದಿನ ಪುಕ್ಕಟೆ ದುಡಿದ ಹಾಗೆ. ಹದಿನೇಳು ವರ್ಷ, ವಾರಕ್ಕೊಂದು ದಿನ, ಮನೆಮಂದಿಯೆಲ್ಲ. ಎರಡು ವರ್ಷದ ದೇಶಸೇವೆ ಕೇಳುವವರು ಇದನ್ನು ಕೂಡಿಸಿ ನೋಡಲಿ.

ಇದನ್ನು ಬಿಟ್ಟಿ ಅನ್ನಬಹುದೇ, ಯಾರೂ ಕೋಲು ಹಿಡಿದು ನಿಂತಿಲ್ಲವಲ್ಲ ಅಂತ ಒಬ್ಬರು ಕೇಳಬಹುದು. ಅದಕ್ಕೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯಾಡ್ ಕ್ರೀಡಾಕೂಟಕ್ಕೆ ಕಟ್ಟಡ, ಮೇಲ್ಸೇತುವೆ ಕಟ್ಟುತ್ತಿದ್ದ ಕೂಲಿಗಳ ಪರವಾಗಿ ಒಂದು ಮೊಕದ್ದಮೆ ಬಂತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪಿನ ಸಾರ ಎರಡು ಮಾತು. ಒಂದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸಿದ ದುಡಿಮೆ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ. ಎರಡು, ಬಲವಂತ ಅಂದರೆ ಕೋಲಿನ ಬಲವಂತ ಮಾತ್ರವಲ್ಲ. ಹಸಿವು, ಬಡತನ ಬೇರೆ ದಾರಿ ಬಿಡದೆ ದುಡಿಸಿದರೂ ಬಲವಂತವೇ. ಮರುವರ್ಷ ರಾಜಸ್ಥಾನದ ಬರಗಾಲದ ಕಾಮಗಾರಿಗೂ ಇದೇ ನ್ಯಾಯ ಹೇಳಿದರು. ಪರಿಹಾರದ ಕೆಲಸ ಅಂತ ನೆಪ ಹೇಳಿ ಸರ್ಕಾರ ಕೂಲಿ ಕಡಿಮೆ ಕೊಡುವ ಹಾಗಿಲ್ಲ.

ಈ ತೀರ್ಪು ಕೂಲಿಗೆ ಸಂಬಂಧಿಸಿದ್ದು, ಬೆಳೆಯ ಬೆಲೆಗೆ ಕಾನೂನಿನಲ್ಲಿ ನೇರವಾಗಿ ಅನ್ವಯಿಸೋದಿಲ್ಲ, ನಿಜ. ಆದರೆ ನ್ಯಾಯದ ತಕ್ಕಡಿ ಒಂದೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಬಿಟ್ಟಿ ಅಂದ ಮೇಲೆ, ಬೆಳೆಯುವ ಖರ್ಚಿಗಿಂತ ಕಡಿಮೆಗೆ ಮಾರಿದರೆ ಏನಂತ ಕರೀಬೇಕು? ಟೊಮೆಟೊ ರಸ್ತೆಗೆ ಸುರಿಯುವ ರೈತನನ್ನು ಕೇಳಿ. ಕೀಳುವ ಕೂಲಿ, ಕ್ರೇಟಿನ ಬಾಡಿಗೆ, ಮಂಡಿ ಕಮಿಷನ್ ಕಳೆದರೆ ಕೈಯಿಂದ ಹಾಕಬೇಕು. ಅದಕ್ಕೇ ಸುರಿಯುತ್ತಾನೆ.

ಇನ್ನು ಸೈನ್ಯದ ವಿಚಾರ. ನಮ್ಮ ದೇಶದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ, ಸ್ವಇಚ್ಛೆಯಿಂದ ಸೇರುವವರ ಸೈನ್ಯ ಅಂತ ಹೆಮ್ಮೆಯಿಂದ ಹೇಳ್ತೀವಿ. ಹೆಮ್ಮೆ ಸರಿಯೇ. ಆದರೆ ಭರ್ತಿ ರ‍್ಯಾಲಿ ನಡೆಯುವ ಮೈದಾನದ ಹೊರಗೆ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ನಿಲ್ಲಿ. ಬರಿಗಾಲಲ್ಲಿ ಓಡಲು ಬಂದ ಹುಡುಗರಲ್ಲಿ ಕೈಗಾರಿಕೋದ್ಯಮಿಯ ಮಗ ಎಷ್ಟು ಜನ, ಮಂತ್ರಿಯ ಮಗ ಎಷ್ಟು ಜನ ಎಣಿಸಿ. ಎರಡೆಕರೆ ಖುಷ್ಕಿಯ ಮಗ, ಕೂಲಿಯವನ ಮಗ ಕಾಣ್ತಾರೆ. ದೇಶಪ್ರೇಮ ಆ ಹುಡುಗರಲ್ಲಿ ಇದೆ, ಅದನ್ನು ಯಾರೂ ಕಡಿಮೆ ಮಾಡಬಾರದು. ಅದರ ಜೊತೆಗೆ ಮನೆಯ ಸಾಲವೂ ಇದೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಿಸಿದರು. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇ. 30 ನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಉಳಿಸಿಕೊಂಡು ಉಳಿದವರಿಗೆ ಸುಮಾರು 11.71 ಲಕ್ಷ ಕೊಟ್ಟು ಮನೆಗೆ ಕಳಿಸೋದು. ಪಿಂಚಣಿ ಇಲ್ಲ. ಹಿಂದೆ ಒಬ್ಬ ಮಗ ಸೈನ್ಯಕ್ಕೆ ಸೇರಿದರೆ ಒಂದು ಮನೆ ಬಡ್ಡಿಯಿಂದ ಬಿಡುಗಡೆ ಆಗ್ತಿತ್ತು. ಈಗ ಅವನು ಇಪ್ಪತ್ತೆರಡನೇ ವಯಸ್ಸಿಗೆ ತಿರುಗಿ ಬಂದು ಅದೇ ಎರಡೆಕರೆ ಮುಂದೆ ನಿಲ್ಲಬೇಕು. ಹೀಗಿರುವಾಗ ಹಳ್ಳಿಗೆ ಕಡ್ಡಾಯದ ಕಾನೂನು ಯಾಕೆ ಬೇಕು? ಬೆಲೆ ಸಿಗದ ಬೆಳೆಯೇ ಕಡ್ಡಾಯ ಮಾಡ್ತಾ ಇದೆ.

ಕಾನೂನು ಬಂದರೆ ಶ್ರೀಮಂತರ ಮಕ್ಕಳೂ ಹೋಗಬೇಕಾಗುತ್ತದಲ್ಲ, ಅದು ಒಳ್ಳೆಯದೇ ಅಲ್ಲವೇ? ಈ ಮಾತು ನನಗೂ ಇಷ್ಟವೇ. ಹಾಗೆ ಆಗುತ್ತದೆಯೇ ಅನ್ನೋದು ಪ್ರಶ್ನೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದವರು ಕಡ್ಡಾಯ ಭರ್ತಿ ಕಾನೂನು ತಂದರು. 300 ಡಾಲರ್ ಕಟ್ಟಿದವನಿಗೆ, ಇಲ್ಲವೇ ತನ್ನ ಬದಲು ಇನ್ನೊಬ್ಬನನ್ನು ಕಳಿಸಿದವನಿಗೆ ವಿನಾಯಿತಿ. ದಕ್ಷಿಣದವರು 1862ರಲ್ಲೇ, ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಕೊಟ್ಟರು. ನೂರು ವರ್ಷ ಕಳೆದು ವಿಯೆಟ್ನಾಂ ಯುದ್ಧ ಬಂದಾಗ ಕಾಲೇಜಿನಲ್ಲಿ ಓದುವವನಿಗೆ ಮುಂದೂಡಿಕೆ ಸಿಗುತ್ತಿತ್ತು. ಫೀಸು ಕಟ್ಟಲಾಗದವನು ಬಂದೂಕು ಹಿಡಿದ. 1973ರಲ್ಲಿ ಅವರು ಆ ಭರ್ತಿಯನ್ನೇ ನಿಲ್ಲಿಸಿದರು. ಆಫ್ರಿಕಾದ ಎರಿಟ್ರಿಯಾದಲ್ಲಿ 1995ರ ಕಾನೂನು ಹದಿನೆಂಟು ತಿಂಗಳ ಸೇವೆ ಅಂತ ಹೇಳಿತು. 1998ರ ಯುದ್ಧದ ನಂತರ ಅದಕ್ಕೆ ಕೊನೆಯೇ ಇಲ್ಲದಂತಾಗಿ, ಅಲ್ಲಿನ ಯುವಕರು ದೇಶ ಬಿಟ್ಟು ಓಡಿದರು. ನಮ್ಮಲ್ಲಿ ವಿನಾಯಿತಿ ಪತ್ರ ಹೇಗೆ ಸಿಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕೇ? ಪಹಣಿ ತಿದ್ದಿಸೋಕೆ ಅಲೆದವರಿಗೆ ಗೊತ್ತು.

ಒಂದು ವರ್ಷ ತಾನೇ, ಏನು ಮಹಾ ಅಂತಾರೆ. ಪಟ್ಟಣದ ಮನೆಗೆ ಒಂದು ವರ್ಷ ಅಂದರೆ ಓದು ಒಂದು ವರ್ಷ ತಡ. ಬೇಸಾಯದ ಮನೆಗೆ? ಹತ್ತೊಂಬತ್ತರ ಮಗ ಅಂದರೆ ನಾಟಿ, ಕೊಯ್ಲು, ರಾತ್ರಿ ಮೂರು ಗಂಟೆಗೆ ಕರೆಂಟು ಬಂದಾಗ ಮೋಟಾರು ಹಾಕುವ ಕೈ. ಹತ್ತೊಂಬತ್ತರ ಮಗಳು ಅಂದರೆ ಹಸು ಕರೆದು ಡೇರಿಗೆ ಹಾಲು ಹಾಕುವ ಕೈ. ಆ ಕೈ ಇಲ್ಲದ ವರ್ಷ 150 ದಿನ ಆಳು ಕರೀಬೇಕು, ದಿನಕ್ಕೆ 500 ರೂಪಾಯಿ ಅಂತಲೇ ಇಟ್ಕೊಳ್ಳಿ. 75,000 ಆಯಿತು. 2019ರಲ್ಲಿ ನಡೆದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಈ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ಸಾಲ ಎಷ್ಟು ಗೊತ್ತೇ? 74,121 ರೂಪಾಯಿ. ಅಂದರೆ ಒಂದು ವರ್ಷದ ದೇಶಸೇವೆ ಹೊತ್ತಿಗೆ ಅಂಥ ಇನ್ನೊಂದು ಸಾಲ ಮನೆ ಬಾಗಿಲಿಗೆ ಬರುತ್ತದೆ. ಅದೇ ಸಮೀಕ್ಷೆಯಲ್ಲಿ ಕೃಷಿ ಕುಟುಂಬದ ತಿಂಗಳ ವರಮಾನ 10,218 ರೂಪಾಯಿ, ಅದರಲ್ಲಿ ಬೆಳೆಯಿಂದ ಬಂದದ್ದು 3,798. ನೂರಕ್ಕೆ ಐವತ್ತು ಕುಟುಂಬ ಸಾಲದಲ್ಲಿದ್ದವು. ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2023ರಲ್ಲಿ ಬೇಸಾಯ ಮತ್ತು ಕೃಷಿ ಕೂಲಿಯನ್ನು ನಂಬಿದ 10,786 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಮಹಾರಾಷ್ಟ್ರ ಮೊದಲು, ನಮ್ಮ ಕರ್ನಾಟಕ ಎರಡನೆಯದು. ಆ ಮನೆಗಳ ಮುಂದೆ ನಿಂತು, ನಿಮ್ಮ ಮಗನನ್ನು ಒಂದು ವರ್ಷ ಕಳಿಸಿ, ಶಿಸ್ತು ಕಲಿಸ್ತೀವಿ ಅಂತ ಯಾರು ಕೇಳ್ತಾರೋ ಕೇಳಲಿ.

ಎದುರು ವಾದದಲ್ಲಿ ಗೌರವ ಕೊಡಬೇಕಾದ ಮಾತೂ ಒಂದಿದೆ. ಬೇರೆ ಬೇರೆ ಜಾತಿ, ಧರ್ಮ, ಭಾಷೆಯ ಮಕ್ಕಳು ಒಂದು ವರ್ಷ ಒಟ್ಟಿಗೆ ಉಂಡು, ಮಲಗಿ, ಮಣ್ಣು ಹೊತ್ತರೆ ದೇಶ ಒಂದಾಗುತ್ತದೆ ಅನ್ನೋದು. ಒಪ್ಪುವ ಮಾತೇ. ಆದರೆ ಅದಕ್ಕೆ ಸುಲಭದ ದಾರಿ 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತಲ್ಲ! ಊರಿನ ಎಲ್ಲರ ಮಕ್ಕಳೂ ಒಂದೇ ನೆರೆಹೊರೆಯ ಶಾಲೆಯಲ್ಲಿ ಓದಲಿ ಅಂತ. ಮಾಡಲಿಲ್ಲ. ಉಳ್ಳವರ ಮಕ್ಕಳು ಹಳದಿ ಬಸ್ಸು ಹತ್ತಿ ಹೋದರು, ಸರ್ಕಾರಿ ಶಾಲೆಯಲ್ಲಿ ನಮ್ಮ ಮಕ್ಕಳು ಉಳಿದರು. ಹತ್ತು ವರ್ಷ ಒಂದು ಬೆಂಚಿನಲ್ಲಿ ಕೂರಿಸಲು ಒಲ್ಲದವರು ಹನ್ನೆರಡು ತಿಂಗಳು ಒಂದು ಡೇರೆಯಲ್ಲಿ ಮಲಗಿಸ್ತೀವಿ ಅಂದರೆ ನಂಬೋದು ಹೇಗೆ?

ನೀವು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲೇಬೇಕು. ನಮ್ಮ ಆಸ್ಪತ್ರೆಗೆ ಡಾಕ್ಟರು ಬೇಕು ಅಂತ ನಾವೇ ಧರಣಿ ಕೂರ್ತೀವಿ. ಎಂ.ಬಿ.ಬಿ.ಎಸ್. ಮುಗಿಸಿದವರು ಹಳ್ಳಿಯಲ್ಲಿ ಒಂದು ವರ್ಷ ದುಡಿಯಬೇಕು ಅಂತ ನಮ್ಮ ರಾಜ್ಯ 2012ರಲ್ಲಿ ಕಾಯ್ದೆ ಮಾಡಿದಾಗ ಸ್ವಾಗತ ಮಾಡಿದೆವು. ಅವರಿಗೆ ಕಡ್ಡಾಯ ಸರಿ, ನಮ್ಮ ಮಕ್ಕಳಿಗೆ ತಪ್ಪೇ? ವ್ಯತ್ಯಾಸ ಇದೆ. ಸರ್ಕಾರಿ ಸೀಟಿನಲ್ಲಿ ಓದಿದ ಡಾಕ್ಟರ ಹಿಂದೆ ಜನರ ತೆರಿಗೆ ಹಣ ಇದೆ. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ಕೂಲಿಯವಳ ಹಣವೂ ಅದರಲ್ಲಿ ಇದೆ. ಆ ಋಣ ಸಂಬಳ ಪಡೆದುಕೊಂಡೇ, ಗೊತ್ತಾದ ಅವಧಿಯಲ್ಲಿ, ತಾನು ಕಲಿತ ಕೆಲಸದಿಂದಲೇ ತೀರಿಸೋದು. ಇಂಥ ಮುಚ್ಚಳಿಕೆ ಬಿಟ್ಟಿ ಅಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿಯಿತು. ಪಡೆದವನು ತೀರಿಸಲಿ. ಆದರೆ ಏನೂ ಪಡೆಯದೆ ಈವರೆಗೂ ಕೊಟ್ಟವನ ಹತ್ತಿರವೇ ಮತ್ತೆ ಕೊಡು ಅನ್ನೋದು ಯಾವ ಧರ್ಮ? ಹಾಗಂತ ಡಾಕ್ಟರಿಗೂ ಬಿಟ್ಟಿ ಬೇಡ. ಇರಲು ಮನೆ, ಔಷಧಿ, ನರ್ಸು, ಹೊತ್ತಿಗೆ ಸಂಬಳ ಕೊಡದೆ ಬರಿ ಕಟ್ಟಡದಲ್ಲಿ ಕೂರಿಸಿದರೆ ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಈಗ ನನ್ನ ಅಭಿಪ್ರಾಯ ಒಟ್ಟು ಮಾಡ್ತೀನಿ. ದೇಶಸೇವೆಗೆ ರೈತ ಎಂದೂ ಹಿಂದೆ ಬಿದ್ದವನಲ್ಲ. ಪ್ರವಾಹ ಬಂದಾಗ, ಬೆಂಕಿ ಬಿದ್ದಾಗ, ಕೆರೆ ಏರಿ ಒಡೆದಾಗ ನಾವು ಯಾರ ನೋಟೀಸಿಗೂ ಕಾಯೋದಿಲ್ಲ. ನಾವು ವಿರೋಧಿಸೋದು ಒಂದು ಕಡೆ ಮಾತ್ರ ಎಳೆಯುವ ಕಡ್ಡಾಯವನ್ನು. ಬೆಂಬಲ ಬೆಲೆಯನ್ನೇ ನೋಡಿ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369, ರಾಗಿಗೆ 4,886 ಅಂತ ಘೋಷಿಸಿದರು. ಘೋಷಣೆಯೇ ಹೊರತು, ಅದಕ್ಕಿಂತ ಕಡಿಮೆಗೆ ಯಾರೂ ಕೊಳ್ಳಕೂಡದು ಅನ್ನುವ ಕಾನೂನನ್ನು ಪಾರ್ಲಿಮೆಂಟು ಮಾಡಿಲ್ಲ. ಬೆಂಬಲ ಬೆಲೆಗೆ ಮಾರಲು ಸಾಧ್ಯವಾದ ರೈತರು ನೂರಕ್ಕೆ ಆರು ಮಂದಿ ಅಂತ 2015ರಲ್ಲಿ ಸರ್ಕಾರದ್ದೇ ಶಾಂತಕುಮಾರ್ ಸಮಿತಿ ಹೇಳಿತು. ಸಾಲ ತೀರಿಸೋದು ಕಡ್ಡಾಯ, ಬಡ್ಡಿ ಕಡ್ಡಾಯ, ನಾಳೆ ಮಗನ ಸೇವೆಯೂ ಕಡ್ಡಾಯ, ಬೆಲೆ ಮಾತ್ರ ಅವರ ದಯೆ. ಇದು ನಡೆಯಕೂಡದು.

ಆದ್ದರಿಂದ ಈ ಶಿಬಿರದ ಮುಂದೆ ನಾಲ್ಕು ಮಾತು ಇಡುತ್ತೇನೆ. ನಿರ್ಣಯ ಮಾಡುವುದು ನಿಮಗೆ ಬಿಟ್ಟದ್ದು.

ಒಂದು: ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಬರುವವರೆಗೆ ಕಡ್ಡಾಯ ಸೇವೆಯ ಯಾವ ಮಸೂದೆಯನ್ನೂ ರೈತ ಒಪ್ಪತಕ್ಕದ್ದಲ್ಲ.

ಎರಡು: ಯಾವತ್ತಾದರೂ ಅಂಥ ಕಾನೂನು ಬಂದರೆ 23ನೇ ವಿಧಿಯ ಷರತ್ತು ಅಕ್ಷರಶಃ ಪಾಲಿಸಬೇಕು. ಹಣ ಕಟ್ಟಿ, ಓದಿನ ನೆಪ ಹೇಳಿ, ವಿದೇಶಕ್ಕೆ ಹೋಗಿ ತಪ್ಪಿಸಿಕೊಳ್ಳುವ ದಾರಿ ಇರಬಾರದು. ಮೊದಲ ಪಟ್ಟಿಯಲ್ಲಿ ಶಾಸಕರ, ಸಂಸದರ, ಅಧಿಕಾರಿಗಳ ಮಕ್ಕಳ ಹೆಸರು ಇರಬೇಕು.

ಮೂರು: ಸೇವೆಗೆ ಕನಿಷ್ಠ ಕೂಲಿಗೆ ಒಂದು ಪೈಸೆಯೂ ಕಡಿಮೆ ಇರಬಾರದು. ಬೇಸಾಯದ ಮನೆಯಿಂದ ಹೋದವನ ಬದಲಿ ಆಳಿನ ಖರ್ಚನ್ನು ಸರ್ಕಾರ ಕೊಡಬೇಕು. ಆ ಅವಧಿಯಲ್ಲಿ ಮನೆಯ ಬೆಳೆಸಾಲಕ್ಕೆ ಬಡ್ಡಿ ಓಡಬಾರದು.

ನಾಲ್ಕು: ನಾಲ್ಕು ವರ್ಷ ಗಡಿ ಕಾದು ಬಂದ ಹುಡುಗನನ್ನು ಬರಿಗೈಯಲ್ಲಿ ಬಿಡಬಾರದು. ಅವನಿಗೆ ಕಾಯಂ ಕೆಲಸದ ಭರವಸೆ ಬರವಣಿಗೆಯಲ್ಲಿ ಬೇಕು.

ಕಾಲೇಜಿನ ಮಕ್ಕಳೇ, ನಿಮಗೆ ಒಂದು ಕೆಲಸ ಕೊಡ್ತೀನಿ, ಕಡ್ಡಾಯ ಏನಿಲ್ಲ. ಮುಂದಿನ ಭಾನುವಾರ ನಿಮ್ಮ ಮನೆಯ ಕಳೆದ ಮೂರು ಬೆಳೆಯ ಲೆಕ್ಕ ಬರೆಯಿರಿ. ಅಪ್ಪ, ಅವ್ವ, ನಿಮ್ಮದು, ಎಲ್ಲರ ದುಡಿಮೆಗೂ ಕೂಲಿ ಹಾಕಿ. ಸಿಕ್ಕ ರೇಟು ಕಳೆಯಿರಿ. ಕೆಳಗೆ ಉಳಿಯುವ ಬಾಕಿ ಇದೆಯಲ್ಲ, ಅದು ನಿಮ್ಮ ಮನೆ ಈ ದೇಶಕ್ಕೆ ಆಗಲೇ ಮಾಡಿರುವ ಸೇವೆ. ಹದಿನೈದು ದಿನದಲ್ಲಿ ಎಲ್ಲ ಮನೆಯ ಲೆಕ್ಕ ಕೂಡಿಸಿ ತಾಲ್ಲೂಕು ಕಚೇರಿಗೆ ತೆಗೆದುಕೊಂಡು ಹೋಗೋಣ. ಸೇವೆ ಕೇಳುವವರಿಗೆ ಮೊದಲು ಆ ಬಿಲ್ಲು ಕೊಡೋಣ.